ಪಾವಗಡದ ಬಿಸಿಲು, ನಿರುದ್ಯೋಗದ ಬಗೆಗಳು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಖುಷ್ಕಿ ಹೊಲಗಳಲ್ಲಿ ಮುಂಗಾರಿನ ಹದ ನೋಡಿ ಕಡಲೆಕಾಯಿ ಬಿತ್ತಿ, ಕಾರ್ತೀಕದ ಹೊತ್ತಿಗೆ ಗಿಡ ಕಿತ್ತು, ಬಳ್ಳಿಯ ರಾಶಿಯ ಸುತ್ತ ಕುಳಿತ ಹೆಂಗಸರು ಕಾಯಿ ಬಿಡಿಸಿ ಮುಗಿಸಿದರೆಂದರೆ, ಕೊಳವೆಬಾವಿಯ ಆಸರೆಯಿಲ್ಲದ ಸಂಸಾರಕ್ಕೆ ಮುಂದಿನ ಮಳೆಯವರೆಗೆ ಮಾಡತಕ್ಕ ಕೆಲಸವೇ ಇರುವುದಿಲ್ಲ. ಇದು ಋತುಮಾನದ ನಿರುದ್ಯೋಗ.

ಇದಕ್ಕಿಂತ ಗೂಢವಾದುದು ಪ್ರಚ್ಛನ್ನ ನಿರುದ್ಯೋಗ. ಇಬ್ಬರಿಂದ ಸಾಗುವ ಎರಡೆಕರೆ ಬೇಸಾಯದಲ್ಲಿ ಮನೆಯ ಐವರೂ ದುಡಿಯುತ್ತಿದ್ದರೆ, ಮೂವರು ಬೆಂಗಳೂರಿಗೆ ಹೊರಟುಹೋದರೂ ಫಸಲು ಒಂದು ಸೇರೂ ಕುಗ್ಗದು. ಆದರೆ ಈ ಹೆಸರನ್ನು 1936ರಲ್ಲಿ ಬಳಕೆಗೆ ತಂದ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಅವರ ಕಣ್ಣಮುಂದಿದ್ದುದು, ಆರ್ಥಿಕ ಮುಗ್ಗಟ್ಟಿನಲ್ಲಿ ಒಳ್ಳೆಯ ಕೆಲಸ ಕಳೆದುಕೊಂಡು ಸಿಕ್ಕಿದ ಸಣ್ಣಪುಟ್ಟ ದುಡಿಮೆಗೆ ಇಳಿದ ಪಾಶ್ಚಾತ್ಯ ಕಾರ್ಮಿಕರು. 2020ರ ಲಾಕ್‌ಡೌನಿನಲ್ಲಿ ನಗರದಿಂದ ಊರಿಗೆ ಮರಳಿ ಅಪ್ಪನ ಹೊಲದಲ್ಲೇ ಕೈಜೋಡಿಸಿದ ತರುಣರಿಗೂ ಆ ಮೂಲಾರ್ಥವೇ ಸಲ್ಲುತ್ತದೆ.

ವಾರದಲ್ಲಿ ಒಂದು ಗಂಟೆ ದುಡಿದವರನ್ನೂ ವಾರದ ಲೆಕ್ಕದಲ್ಲಿ ಉದ್ಯೋಗಸ್ಥರೆಂದೇ ಬರೆದುಕೊಳ್ಳುವ ಸರ್ಕಾರದ ಉದ್ಯೋಗ ಸಮೀಕ್ಷೆಗೆ ಇಂಥವರು ಕಾಣಿಸುವುದಿಲ್ಲ. ನಮ್ಮಂಥ ಕೃಷಿಪ್ರಧಾನ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲಾಗದೆಂದು, ನಿರುದ್ಯೋಗದ ಅಂದಾಜುಗಳನ್ನು ಪರಿಶೀಲಿಸಿದ ದಾಂತವಾಲಾ ಸಮಿತಿಯು 1970ರಲ್ಲಿಯೇ ಎಚ್ಚರಿಸಿತ್ತು. ಆ ಎಚ್ಚರಿಕೆಯನ್ನು ನಾವು ಮರೆತಿರುವುದು ನನಗೆ ನಿಜವಾಗಿಯೂ ವ್ಯಥೆಯ ಸಂಗತಿ.

ಒಂದು ಕೆಲಸ ಬಿಟ್ಟು ಇನ್ನೊಂದನ್ನು ಹುಡುಕುವ ನಡುವಣ ಬಿಡುವಾದ ಘರ್ಷಣಾತ್ಮಕ ನಿರುದ್ಯೋಗವು ಅಷ್ಟೇನೂ ಭಯಂಕರವಲ್ಲ. ಬೇಡಿಕೆ ಕುಸಿದಾಗ ಬರುವ ಚಕ್ರೀಯ ನಿರುದ್ಯೋಗವು ಬೇಡಿಕೆ ಚೇತರಿಸಿಕೊಂಡಂತೆ ತಗ್ಗುತ್ತದೆ. ಇದ್ದ ಕಸುಬೇ ಇಲ್ಲವಾಗಿ, ಹೊಸ ಕೆಲಸಕ್ಕೆ ಬೇಕಾದ ಕೌಶಲವೂ ಇಲ್ಲದಾಗ ಬರುವ ರಾಚನಿಕ ನಿರುದ್ಯೋಗ ಹಾಗಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲಿನ ಐದು ಹಳ್ಳಿಗಳಲ್ಲಿ, ಸುಮಾರು 13,000 ಎಕರೆಯ ಮೇಲೆ, 2018ರಲ್ಲಿ ಉದ್ಘಾಟನೆಗೊಂಡು ಕ್ರಮೇಣ 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಸೌರ ಉದ್ಯಾನಕ್ಕಾಗಿ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು, ಬರದಿಂದ ಬಸವಳಿದ ಹಿಡುವಳಿದಾರರಿಗೆ ನಿಶ್ಚಿತ ವರಮಾನವನ್ನು ಕೊಟ್ಟಿತೆಂಬುದು ನಿಜವೇ. ಆದರೆ ತುಂಡುಭೂಮಿಯೂ ಇಲ್ಲದೆ, ಅವರ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಜೀವಿಸುತ್ತಿದ್ದ ಕೂಲಿಕಾರರಿಗೆ ಗುತ್ತಿಗೆಯ ಹಣವೂ ಇಲ್ಲ, ಕೂಲಿಯೂ ಇಲ್ಲ. ಫಲಕ ಒರೆಸುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಮಾತ್ರ ದಕ್ಕಿದುವು. ತಂತಿ, ಇನ್ವರ್ಟರುಗಳ ಕೆಲಸವು ಐಟಿಐ ಓದಿದವರನ್ನು ಬೇಡುತ್ತದೆ.

2005ರ ಉದ್ಯೋಗ ಖಾತರಿ ಕಾಯಿದೆಯು ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸವನ್ನು ಖಾತರಿಪಡಿಸಿದ್ದು ಋತುಮಾನದ ಬಿಡುವಿಗೆ ತಕ್ಕ ಮದ್ದಾಗಿತ್ತು. ಆದರೆ ಕೆರೆಯ ಹೂಳೆತ್ತಿ ಬೇಸಗೆ ಕಳೆದ ತಿರುಮಣಿಯ ಕೂಲಿಹೆಣ್ಣಿಗೆ ಮಳೆ ಬಿದ್ದಾಗ ಮರಳಲು ಆ ಹೊಲವೇ ಇಲ್ಲವಾದ್ದರಿಂದ, ಆಕೆಗೂ ಆಕೆಯ ಮಕ್ಕಳಿಗೂ ಬೇರೊಂದು ಕಸುಬನ್ನು, ಕಲಿಯುವ ಕಾಲದ ಕೂಲಿಯ ಸಹಿತ, ಕಲಿಸತಕ್ಕದ್ದು.