ಅಜ್ಜಿಯ ರೂಪಾಯಿಗೆ ನವಿಲುಬಣ್ಣ

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ 1918ರ ಬೆಳ್ಳಿ ರೂಪಾಯಿ ನೀಲಿ-ಕೆಂಪಾಗಿದೆ. ತಿಕ್ಕಿ ತೊಳೆಯಲೇ? ಫೋಟೊದಲ್ಲಿ ಬರೀ ಕಪ್ಪು ಕಾಣುತ್ತದೆ.
– ಓದುಗರೊಬ್ಬರು, ಮೂಡಲಗಿ

ಉತ್ತರ: ಮೊದಲು ಹುಣಸೆಹಣ್ಣು ಕೆಳಗಿಡಿ! ಐದನೇ ಜಾರ್ಜನ ಆ ರೂಪಾಯಿ 11.66 ಗ್ರಾಂ, ಶೇ 91.7ರಷ್ಟು ಬೆಳ್ಳಿ. ಗಾಳಿಯ, ಹಳೇ ರಟ್ಟಿನ ಗಂಧಕ ತಾಗಿ ಬೆಳ್ಳಿಯ ಮೇಲೆ ಸಲ್ಫೈಡಿನ ತೆಳುಪೊರೆ ಕಟ್ಟುತ್ತದೆ. ಮಳೆನೀರಿನ ಮೇಲೆ ತೇಲುವ ಎಣ್ಣೆ ಬಣ್ಣ ತೋರುವ ಹಾಗೆಯೇ ಇದೂ: ಪೊರೆ ದಪ್ಪವಾದಂತೆ ಹೊಂಬಣ್ಣ, ನೇರಳೆ, ನೀಲಿ, ಕೊನೆಗೆ ಕಪ್ಪು. ಗೋಕಾಕ, ಹುಕ್ಕೇರಿಯವರೂ ಕೇಳಿ: ಲಕ್ಷ್ಮೀಪೂಜೆಯ ರೂಪಾಯಿ ಉಜ್ಜಿದರೆ ಸಂಗ್ರಾಹಕರು ಮೆಚ್ಚುವ ಬಣ್ಣವೇ ಹೋಯಿತು. ಫೋಟೊಗೆ ಫ್ಲ್ಯಾಶ್ ಬೇಡ. ಕಿಟಕಿಯ ಬೆಳಕಲ್ಲಿ ಅಂಚು ಹಿಡಿದು ತುಸು ವಾಲಿಸಿ. ನಾಣ್ಯದ ಮುಖದಲ್ಲಿ ಬಿಳಿಗೋಡೆಯ ಹೊಳಪು ಬಿದ್ದ ಕ್ಷಣ ಜಾರ್ಜನ ಕೆನ್ನೆ ನೀಲಿಯಾಗುತ್ತದೆ. ಆಗ ಒತ್ತಿ.