ಕೀಬೋರ್ಡ್ ವಾದಕರಿಗೆ ಒಂದು ಕಿವಿಮಾತು: ಸ್ವರಗಳು ನಾಲ್ಕೇ ಸಾಕು

ಕಾಣಿಕೆ ಗೀತೆ ಮುಗಿದಿರುತ್ತದೆ, ಗುರುಗಳ ಸಿದ್ಧತೆ ಇನ್ನೂ ಮುಗಿದಿರುವುದಿಲ್ಲ. ಆ ಅರ್ಧ ನಿಮಿಷ ಕೀಬೋರ್ಡ್ ವಾದಕರು ತಾವೇ ಏನಾದರೂ ನುಡಿಸಬೇಕು. ಆಗ ನಾವು ಕೇಳುವುದು ಬಹಳ ಸಲ ಬರೀ ಬೆರಳುಗಳ ಓಟ. ಭಕ್ತರು ಆಗಷ್ಟೇ ಹಾಡಿದ ಗೀತೆಯ ಸುಳಿವೂ ಅದರಲ್ಲಿರುವುದಿಲ್ಲ. ಪ್ರಾರ್ಥನೆಯಲ್ಲಿದ್ದ ಮನಸ್ಸು ಚದುರುತ್ತದೆ.

ಮನೋಧರ್ಮವನ್ನೇ ನಂಬಿದ ಜಾಝ್ ವಾದಕರಿಗೂ ಈ ಸಮಸ್ಯೆ ಉಂಟು. ಸ್ಯಾಕ್ಸೊಫೋನ್ ವಾದಕ ಸೋನಿ ರಾಲಿನ್ಸ್ 1956ರಲ್ಲಿ 'ಬ್ಲೂ ಸೆವೆನ್' ನುಡಿಸಿದಾಗ ಆರಂಭದ ತುಣುಕುಗಳನ್ನೇ ಬೆಳೆಸುತ್ತಾ ಹೋದರು. ಸಂಗೀತ ರಚನಕಾರ ಗುಂಥರ್ ಶುಲ್ಲರ್ 1958ರಲ್ಲಿ ಇದರ ಬಗ್ಗೆಯೇ ಒಂದು ಪ್ರಸಿದ್ಧ ಲೇಖನ ಬರೆದರು.

ಈ ವಿದ್ಯೆಯ ಹಳೆಯ ಗುರುಗಳು ಶಾಸ್ತ್ರೀಯ ರಚನಕಾರರು. ಬೀಥೋವನ್‌ನ ಐದನೇ ಸಿಂಫನಿ (1808) ನಾಲ್ಕು ಸ್ವರಗಳಿಂದ ಆರಂಭವಾಗುತ್ತದೆ: ಮೂರು ಗಿಡ್ಡ, ಒಂದು ಉದ್ದ. ಆತ ಲಯವನ್ನು ಉಳಿಸಿಕೊಂಡು ಸ್ಥಾಯಿ ಬದಲಿಸುತ್ತಾನೆ, ಸ್ವರಗಳ ಅಂತರ ಹಿಗ್ಗಿಸುತ್ತಾನೆ. ಮುಂದೆ ಆ ಎಳೆಯನ್ನು ಎರಡು ಸ್ವರಕ್ಕೆ, ಕೊನೆಗೆ ಒಂದಕ್ಕೆ ಇಳಿಸುತ್ತಾನೆ.

ನಮ್ಮ ನಾಡಿಗೂ ಈ ಸಂಗೀತದ ನಂಟಿದೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದಲ್ಲಿ ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು.

ಅದೇ ಸಂಸ್ಥಾನದ ಕೋಲಾರ ಚಿನ್ನದ ಗಣಿಯನ್ನು ನೆನೆಯೋಣ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಬಂತು, 2001ರಲ್ಲಿ ಗಣಿ ಮುಚ್ಚಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದಿತ್ತು. ಹತ್ತು ಕಡೆ ಗುಂಡಿ ತೋಡಿದ್ದರೆ ಆ ಚಿನ್ನ ಸಿಗುತ್ತಿರಲಿಲ್ಲ. ಕಾರ್ಮಿಕರು ಅದಿರಿನ ಎಳೆಯನ್ನು ಬಿಡದೆ ಹಿಡಿದು ಇಳಿದರು. ವಾದಕರ ಕೆಲಸವೂ ಹಾಗೆಯೇ.

ಅಭ್ಯಾಸ ಹೀಗಿರಲಿ:

1. ಈಗಷ್ಟೇ ಹಾಡಿದ ಗೀತೆಯಿಂದ ನಾಲ್ಕೈದು ಸ್ವರ ಆಯ್ದುಕೊಳ್ಳಿ.
2. ಲಯ ಬದಲಿಸದೆ ಅದನ್ನೇ ಮೇಲೆ, ಕೆಳಗೆ ನುಡಿಸಿ.
3. ಬಳಿಕ ಸ್ವರಗಳನ್ನು ನಿಧಾನಿಸಿ, ಹಿಗ್ಗಿಸಿ.
4. ಕೊನೆಗೆ ಎರಡಕ್ಕೆ, ಒಂದಕ್ಕೆ ಇಳಿಸಿ ನಿಲ್ಲಿಸಿ. ಗುರುಗಳು ಸಿದ್ಧರಾದಾಗ ನೀವು ಮೌನದ ಹತ್ತಿರ ಇರಬೇಕು.

ಧರ್ಮಸಭೆಯ 1967ರ 'ಮೂಸಿಕಾಂ ಸಾಕ್ರಾಂ' ದಾಖಲೆ ಪೂಜೆಯ ಆರಂಭ, ಕಾಣಿಕೆ, ಪರಮಪ್ರಸಾದ ಹಾಗೂ ಮುಕ್ತಾಯದಲ್ಲಿ ವಾದ್ಯವನ್ನು ಮಾತ್ರ ನುಡಿಸಲು ಅವಕಾಶ ನೀಡುತ್ತದೆ. ತಪಸ್ಸು ಕಾಲದಲ್ಲಿ ಮಾತ್ರ, ಲೇತಾರೆ ಭಾನುವಾರ ಮತ್ತು ಹಬ್ಬಗಳನ್ನು ಬಿಟ್ಟರೆ, ವಾದ್ಯ ಹಾಡಿಗೆ ಆಸರೆಯಾಗಿ ಇರಬೇಕೇ ಹೊರತು ಒಂಟಿಯಾಗಿ ನುಡಿಯಬಾರದು. ನುಡಿಸುವವರು ಪೂಜೆಯ ಭಾವದೊಳಗೆ ಇಳಿಯಬೇಕೆಂಬುದು ಈ ದಾಖಲೆಯ ಆಶಯ.

ಗಾಯನ ಮಂಡಳಿಗಳ ಮುಖ್ಯಸ್ಥರು ಮುಂದಿನ ಅಭ್ಯಾಸದಲ್ಲಿ ಹತ್ತು ನಿಮಿಷವನ್ನು ಇದಕ್ಕೆ ಮೀಸಲಿಡಲಿ ಎಂದು ಆಶಿಸುತ್ತೇವೆ. ಭಕ್ತರ ಬಾಯಲ್ಲಿ ನಿಂತ ಪ್ರಾರ್ಥನೆ ವಾದ್ಯದಲ್ಲಿ ಮುಂದುವರಿಯಲಿ.