ಬಾಣಂತನಕ್ಕೆ ವಿಮಾನ ಹತ್ತುವ ಮುನ್ನ...

ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೊರಡುವ ತಾಯಂದಿರು ಈಗ ನಮ್ಮ ತುಬಚಿಯ ಸುತ್ತಮುತ್ತಲೂ ಇದ್ದಾರೆ. ಅಂಟಿನ ಉಂಡಿ, ಶೇಂಗಾ ಚಟ್ನಿ, ಕೂಸಿಗೆ ಕುಂಚಿಗಿ ಎಲ್ಲವನ್ನೂ ನೆನಪಿಟ್ಟು ಕಟ್ಟುತ್ತೇವೆ. ಆದರೆ ಗೆಳತಿಯರೇ, ಕೈಯಲ್ಲಿರುವುದು ಒಂದು ಟಿಕೆಟೋ ಎರಡೋ ಎಂದು ಕೇಳಿದ್ದೀರಾ?

ಜಮಖಂಡಿಗೆ ಹೋಗುವ ಬಸ್ಸು ತಡವಾದರೆ ಬೆಳಗಾವಿ ಬಸ್ಸು ನಮಗಾಗಿ ನಿಲ್ಲುತ್ತದೇನ್ರಿ? ಇಲ್ಲ. ಬೆಳಗಾವಿಯಿಂದ ಬೆಂಗಳೂರಿಗೆ ಒಂದು, ಅಲ್ಲಿಂದ ಪರದೇಶಕ್ಕೆ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ಕೊಂಡರೂ ಹಾಗೆಯೇ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ನೀವೇ ಬರಲಿಲ್ಲ ಎಂದು ಲೆಕ್ಕ. ಆ ಹಣ ಹೋದಂತೆಯೇ. ಹಲವು ಸಲ ಮರಳಿ ಬರುವ ಟಿಕೆಟ್ಟೂ ರದ್ದಾಗುತ್ತದೆ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಹಣ ಒಮ್ಮೆಗೇ ಕೊಟ್ಟರೂ ಟಿಕೆಟ್ ಎರಡಿರಬಹುದು. ಆದ್ದರಿಂದ ಏಜೆಂಟರನ್ನು ಬಿಡಿಸಿ ಕೇಳಿರಿ.

ಬೇರೆ ಬೇರೆ ಟಿಕೆಟ್ಟಾದರೆ ಸಾಮಾನು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಇಳಿಸಿಕೊಂಡು ಮತ್ತೆ ತೂಕ ಹಾಕಿಸಿ ಕೊಡಬೇಕು. ಅಲ್ಲಿ 2023ರ ಸೆಪ್ಟೆಂಬರ್ 12ರಿಂದ ಪರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ನೀವು ಒಂದನೆಯದರಲ್ಲಿ ಇಳಿದರೆ ಸಾಮಾನು ಸಮೇತ ಅಲ್ಲಿಗೆ ಹೋಗಬೇಕು. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ನಡುವೆ ಐದಾರು ತಾಸು ಇರಲಿ. ಹಿಂದಿನ ದಿನವೇ ಬೆಂಗಳೂರು ಸೇರಿದರೆ ಇನ್ನೂ ಲೇಸು.

ಸಾಮಾನಿಗೆ ಕಟ್ಟುವ ಚೀಟಿಯ ಮೇಲೆ ಊರಿನ ಮೂರಕ್ಷರ ಇರುತ್ತದೆ. ಬೆಳಗಾವಿಗೆ ಐಎಕ್ಸ್‌ಜಿ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಬೆಂಗಳೂರಿಗೆ ಬಿಎಲ್‌ಆರ್. ಮಗಳ ಊರಿನ ಅಕ್ಷರ ಮೊದಲೇ ಬರೆದಿಟ್ಟುಕೊಂಡು ತಾಳೆ ನೋಡಿರಿ. ಅಮೆರಿಕಕ್ಕಾದರೆ, ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿದಲ್ಲಿ ಸಾಮಾನು ತೆಗೆದುಕೊಂಡು ಮತ್ತೆ ಒಪ್ಪಿಸಬೇಕು.

ಇಷ್ಟಾಗಿಯೂ ಪೆಟ್ಟಿಗೆ ದಾರಿ ತಪ್ಪಿದರೆ?

• ನಿಲ್ದಾಣ ಬಿಡುವ ಮುನ್ನವೇ ದೂರು ಬರೆಸಿ ನಂಬರು ಪಡೆಯಿರಿ. ಚೀಟಿಯ ತುಂಡು ಕಳೆಯಬೇಡಿ.

• ಅಲ್ಲಿಯವರೆಗೆ ಕೊಳ್ಳುವ ಬಟ್ಟೆಬರೆಯ ರಸೀದಿ ಇಟ್ಟುಕೊಳ್ಳಿ.

• ಪೆಟ್ಟಿಗೆ ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಕಂಪನಿಗೆ ಬರೆದು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದಂತೆ ಎಣಿಸಿ ಪರಿಹಾರ ಕೇಳಬಹುದು.

ಮಾಂಟ್ರಿಯಲ್ ಒಪ್ಪಂದದಂತೆ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರ ಸಾಮಾನಿಗೆ ಪರಿಹಾರದ ಮಿತಿ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ದೇಶದೇಶಗಳ ನಡುವಿನ ಲೆಕ್ಕದ ಹಣ. ನಮ್ಮ ರೂಪಾಯಿಯಲ್ಲಿ ಇದು ಒಂದೂವರೆ ಲಕ್ಷಕ್ಕೂ ಮೇಲಾಗುತ್ತದೆ. ಆದರೆ ಇದು ಗರಿಷ್ಠ ಮಿತಿ. ಆದ ನಷ್ಟವನ್ನು ತೋರಿಸಿದಷ್ಟೇ ಸಿಗುವುದು.

ಒಡವೆಯ ಬೆಲೆಯಾಗಲಿ, ತಪ್ಪಿದ ಒಂದು ಹೊತ್ತಿನ ಬಿ.ಪಿ. ಗುಳಿಗೆಯಾಗಲಿ ಆ ಲೆಕ್ಕದಲ್ಲಿ ತುಂಬಿ ಬರುವುದಿಲ್ಲ. ಗುಳಿಗೆ, ಡಾಕ್ಟರ ಚೀಟಿ, ಒಡವೆ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ತಿಂಡಿಯಲ್ಲಿ ಯಾವುದಕ್ಕೆ ಆ ದೇಶ ಒಪ್ಪುತ್ತದೆ ಎಂದು ಮಗಳನ್ನು ಮೊದಲೇ ಕೇಳಿ. ಉಂಡಿ ನಾಲ್ಕು ದಿನ ತಡವಾಗಿ ಬಂದರೂ ನಡೆದೀತು, ಬಾಣಂತಿಗೆ ಬೇಕಾದ ತಾಯಿ ಹೊತ್ತಿಗೆ ಸರಿಯಾಗಿ ತಲುಪಬೇಕು.